ಹಳದಿ ಚೀಲ ಮೇಲೆ ಬಂದಾಗ

ಸಮುದ್ರದ 21 ಮೀಟರ್ ಆಳದಿಂದ ಹಳದಿ ಚೀಲವೊಂದನ್ನು ಮೇಲಕ್ಕೆ ಕಳುಹಿಸಿ, ಅದನ್ನು ಯಾರಾದರೂ ನೋಡಿ ಅರ್ಥ ಮಾಡಿಕೊಂಡಾರೆಯೇ ಎಂದು ನಾನು ಒಮ್ಮೆ ಹನ್ನೆರಡು ನಿಮಿಷ ಕಾದಿದ್ದೇನೆ. ನನ್ನ ಜೊತೆಗಾರನ ಸಿಲಿಂಡರೊಂದರಿಂದ ಉಸಿರಿಗೆ ಅನಿಲ ಒದಗಿಸುವ ರೆಗ್ಯುಲೇಟರ್ ಕೆಟ್ಟು ಅದರ ಅನಿಲದ ಬಹುಪಾಲು ಸೋರಿ ಹೋಗಿತ್ತು. ಇಬ್ಬರೂ ಉಸಿರಾಡಿ ಮೇಲೆ ಬರುವಷ್ಟು ಅನಿಲ ನಮ್ಮಲ್ಲಿ ಉಳಿದಿತ್ತಾದರೂ, ಇನ್ನೊಂದು ಉಪಕರಣ ಕೈಕೊಟ್ಟರೆ ತಾಳಿಕೊಳ್ಳುವಷ್ಟು ಉಳಿದಿರಲಿಲ್ಲ. ದೋಣಿ ಹತ್ತಿರದಲ್ಲೇ ಇತ್ತು. ಅದರ ಎಂಜಿನ್ನಿನ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ಯಾರೂ ಇಳಿದು ಬರಲಿಲ್ಲ. ಏಕೆ ಬರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅದನ್ನು ಹೇಳುವ ಮೊದಲು, ಈ ಚೀಲವನ್ನು ನಂಬಿಕೊಂಡು ನೀರಿನಲ್ಲಿ ನಿಲ್ಲಬೇಕಾದ ಪರಿಸ್ಥಿತಿ ಏಕೆ ಬರುತ್ತದೆ ಎಂಬುದನ್ನು ವಿವರಿಸಬೇಕು.

ಟೆಕ್ನಿಕಲ್ ಡೈವಿಂಗ್ ಎಂದರೆ, ಸರಳವಾಗಿ ಹೇಳುವುದಾದರೆ, ಬೇಕೆಂದಾಗ ನೇರವಾಗಿ ಮೇಲೆ ಬರಲಾಗದ ಡೈವಿಂಗ್. ಆಳದಲ್ಲಿ ಒತ್ತಡ ಹೆಚ್ಚಿರುವುದರಿಂದ ಉಸಿರಿನ ಸಾರಜನಕವೂ ಹೀಲಿಯಮ್ಮೂ ದೇಹದ ಅಂಗಾಂಶಗಳಲ್ಲಿ ಕರಗುತ್ತವೆ. ಅವಸರದಲ್ಲಿ ಏರಿದರೆ ಅವು ಗುಳ್ಳೆಗಳಾಗಿ ಹೊರಬಂದು ಕೀಲುಗಳಿಗೆ, ಬೆನ್ನುಹುರಿಗೆ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯ ತರುತ್ತವೆ. ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ, ಸಂಗಡಿಗರೊಂದಿಗೆ 1908ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇಂದಿನವರೆಗೂ ಇದಕ್ಕೆ ಇರುವ ಉಪಾಯ ಒಂದೇ: ಹಂತ ಹಂತವಾಗಿ ಏರಿ, ಪ್ರತಿ ಹಂತದಲ್ಲಿಯೂ ನಿಗದಿತ ಹೊತ್ತು ನಿಲ್ಲುವುದು. ಆಳವಾದ ಡೈವ್ ಒಂದರಲ್ಲಿ ತಳದಲ್ಲಿ ಕಳೆದದ್ದು ಇಪ್ಪತ್ತೈದು ನಿಮಿಷವಾದರೆ, ಈ ನಿಲುಗಡೆಗಳಲ್ಲಿ ಕಳೆಯುವುದು ಒಂದೂವರೆ ಗಂಟೆಯಾದರೂ ಆಗಬಹುದು. ಆ ಹೊತ್ತಿನಲ್ಲಿ ತಲೆಯ ಮೇಲೆ ಕಣ್ಣಿಗೆ ಕಾಣದ ಒಂದು ಚಾವಣಿ ಇರುತ್ತದೆ. ನೀರಿನ ಮೇಲ್ಮೈ ಹೊಳೆಯುವುದು ಕಾಣುತ್ತಿದ್ದರೂ ಅಲ್ಲಿಗೆ ಹೋಗುವಂತಿಲ್ಲ.

ನಾವು ಹೀಗೆ ನಿಂತಿದ್ದರೂ ಸಮುದ್ರ ನಿಂತಿರುವುದಿಲ್ಲ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಸೆಳವು ಒಂದೂವರೆ ನಾಟ್ ಇದ್ದು, ಡಿಕಂಪ್ರೆಶನ್, ಅಂದರೆ ಹೀಗೆ ನಿಂತು ನಿಂತು ಏರುವುದು, ಒಂದೂವರೆ ಗಂಟೆ ಹಿಡಿದರೆ, ಡೈವರ್ ತಾನು ಮುಳುಗಿದ ಜಾಗದಿಂದ ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಹೋಗಿರುತ್ತಾನೆ. ಅಲೆಗಳ ನಡುವೆ ಒಂದು ತಲೆಯನ್ನು ದೋಣಿಯಿಂದ ಗುರುತಿಸುವುದು ಎಷ್ಟು ಕಷ್ಟ ಎಂಬುದನ್ನು ಹುಡುಕಿ ನೋಡಿದವರೇ ಬಲ್ಲರು. ನಾಲ್ಕು ಕಿಲೋಮೀಟರ್ ಆಚೆಗಿರುವ ತಲೆಯಂತೂ ಇಲ್ಲದ ಹಾಗೆಯೇ. ಅದಕ್ಕಾಗಿಯೇ ಡೈವರ್ ಆಳದಿಂದಲೇ ಗಾಳಿ ತುಂಬಿದ ಉದ್ದನೆಯ ಚೀಲವೊಂದನ್ನು ದಾರಕ್ಕೆ ಕಟ್ಟಿ ಮೇಲಕ್ಕೆ ಬಿಡುತ್ತಾನೆ. ಅದೇ ಸರ್ಫೇಸ್ ಮಾರ್ಕರ್ ಬಾಯ್. ಎಲ್ಲರ ಬಾಯಲ್ಲಿಯೂ ಎಸ್‌ಎಂಬಿ. ನೀರಿಗಿಳಿದ ಕ್ಷಣದಿಂದಲೇ ಎಳೆದುಕೊಂಡು ಹೋಗುವ ಬಾಯ್‌ಗಳೂ ಇವೆಯಾದರೂ, ಮುಳುಗಿದ ಹಡಗುಗಳ ಅವಶೇಷಗಳ ಮೇಲೆ ಡೈವ್ ಮಾಡುವವರಿಗೆ ಅವು ತೊಡಕಿನವು. ಮಡಿಸಿ ಸೊಂಟದ ಹಿಂದೆ ಇಟ್ಟುಕೊಂಡು, ಬೇಕಾದಾಗ ಮಾತ್ರ ಬಿಡುವ ಬಗೆಯನ್ನೇ ನಾವು ಬಳಸುವುದು.

ಎಲ್ಲ ಕಡೆಯೂ ಒಂದೇ ರೂಢಿ ಬೆಳೆದದ್ದಲ್ಲ. ಅಮೆರಿಕದ ನ್ಯೂಜೆರ್ಸಿ ಕರಾವಳಿಯ ಡೈವರ್‌ಗಳು ದೊಡ್ಡ ರೀಲಿನಲ್ಲಿ ಕತ್ತಾಳೆ ಜಾತಿಯ ನಾರಿನ ಹಗ್ಗವನ್ನು ಸುತ್ತಿಟ್ಟುಕೊಂಡು, ಲಂಗರಿನ ಹಗ್ಗ ಸಿಗದೆ ಹೋದರೆ ಭಾರ ಎತ್ತಲು ಗಾಳಿ ತುಂಬುವ ಚೀಲವಾದ ಲಿಫ್ಟ್ ಬ್ಯಾಗನ್ನು ಮೇಲೆ ಬಿಟ್ಟು, ಹಗ್ಗದ ಕೆಳತುದಿಯನ್ನು ಹಡಗಿನ ಅವಶೇಷಕ್ಕೇ ಬಿಗಿದು, ಅದನ್ನು ಹಿಡಿದುಕೊಂಡು ನಿಲುಗಡೆಗಳನ್ನು ಮುಗಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಹಗ್ಗವನ್ನು ಕತ್ತರಿಸಿಬಿಟ್ಟರೆ ಆ ನಾರು ಕಾಲಕ್ರಮದಲ್ಲಿ ಕೊಳೆತು ಹೋಗುತ್ತಿತ್ತು. ಉಬ್ಬರವಿಳಿತದ ಸೆಳವು ಬಲವಾಗಿರುವ ಇಂಗ್ಲಿಷ್ ಕಾಲುವೆಯಂಥ ಕಡೆ ಹಾಗೆ ಕಟ್ಟಿಕೊಂಡು ಹೆಚ್ಚು ಹೊತ್ತು ನಿಲ್ಲಲಾಗದು. ಹರಿವಿನೊಂದಿಗೇ ಸಾಗುತ್ತ ಡಿಕಂಪ್ರೆಶನ್ ಮುಗಿಸುವುದೇ ಅಲ್ಲಿಯ ಕ್ರಮ. ಕಟ್ಟಿಕೊಂಡು ನಿಂತವನು ಎಲ್ಲಿದ್ದಾನೆಂಬುದು ದೋಣಿಗೆ ಮೊದಲೇ ಗೊತ್ತಿರುತ್ತದೆ. ತೇಲಿ ಹೋಗುವವನ ಸುಳಿವಾದರೋ ಆ ಚೀಲ ಒಂದೇ. ಅದರ ಮೇಲೆ ಬೀಳುವ ಭಾರ ಅಷ್ಟು ದೊಡ್ಡದು.

ಚೀಲವನ್ನು ಬಿಡುವ ಕೆಲಸ ನೋಡಲು ಸುಲಭ. 21 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಸುಮಾರು ಮೂರು ಪಟ್ಟು ಇರುವುದರಿಂದ, ಹನ್ನೆರಡು ಲೀಟರಿನ ಚೀಲಕ್ಕೆ ಅಲ್ಲಿ ನಾಲ್ಕು ಲೀಟರಿನಷ್ಟು ಗಾಳಿ ಸಾಕು. ಏರುತ್ತ ಏರುತ್ತ ಅದೇ ಹಿಗ್ಗಿ ಚೀಲವನ್ನು ತುಂಬುತ್ತದೆ. ಹೆಚ್ಚಾದದ್ದು ಕವಾಟದ ಮೂಲಕ ಹೊರಹೋಗುತ್ತದೆ. ಬಾಯಿಂದ ಊದುವುದರಲ್ಲಿ ನನಗೆ ಮೆಚ್ಚುಗೆಯಾದ ಒಂದು ಅನುಕೂಲವಿದೆ. ಎದೆಯಲ್ಲಿದ್ದ ಗಾಳಿಯೇ ಚೀಲಕ್ಕೆ ಹೋಗುವುದರಿಂದ ಡೈವರ್ ಮತ್ತು ಚೀಲ ಎರಡೂ ಸೇರಿದ ಒಟ್ಟು ತೇಲುವಿಕೆ ಬದಲಾಗುವುದಿಲ್ಲ, ದೇಹ ಮೇಲೆ ಎಳೆದುಕೊಂಡು ಹೋಗುವುದಿಲ್ಲ. ರೀಬ್ರೀದರ್ ಬಳಸುವವರಿಗೆ ಈ ದಾರಿ ಸುಲಭವಲ್ಲ. ಅವರ ಉಸಿರು ಉಪಕರಣದೊಳಗೇ ಸುತ್ತುತ್ತಿರಬೇಕಾದದ್ದರಿಂದ ಅವರು ಚೀಲಕ್ಕೇ ಜೋಡಿಸಿದ ಪುಟ್ಟ ಸಿಲಿಂಡರನ್ನೋ, ಜಾಕೆಟ್ಟಿಗೆ ಗಾಳಿ ತುಂಬುವ ಕೊಳವೆಯನ್ನೋ ಬಳಸುತ್ತಾರೆ.

ಅಪಾಯವಿರುವುದು ದಾರದಲ್ಲಿ. ಚೀಲ ಕೈಬಿಟ್ಟ ಕೂಡಲೇ ಸ್ಪೂಲ್, ಅಂದರೆ ದಾರ ಸುತ್ತಿದ ಉರುಳೆ, ಬೆರಳುಗಳ ನಡುವೆ ರಭಸದಿಂದ ತಿರುಗುತ್ತದೆ; ಆ ಹೊತ್ತಿನಲ್ಲಿ ಅದು ಸಿಕ್ಕಿಹಾಕಿಕೊಂಡರೆ, ಹಿಗ್ಗುತ್ತಿರುವ ಚೀಲ ಡೈವರನ್ನೂ ತನ್ನೊಡನೆ ಎಳೆದುಕೊಂಡು ಚಾವಣಿಯಾಚೆಗೆ ಒಯ್ಯುತ್ತದೆ. ಆದ್ದರಿಂದ ಸ್ಪೂಲನ್ನಾಗಲಿ ರೀಲನ್ನಾಗಲಿ ಬಿಡುವಾಗ ಮೈಗೆ ಕೊಕ್ಕೆಯಿಂದ ಸಿಕ್ಕಿಸಿಕೊಳ್ಳಲೇಬಾರದು, ಸಿಕ್ಕುಬಿದ್ದ ಕ್ಷಣವೇ ಕೈಬಿಡಬೇಕು. ಕಳೆದುಹೋದ ಸ್ಪೂಲಿಗೆ ಬದಲಾಗಿ ಇನ್ನೊಂದು ಸ್ಪೂಲ್, ಇನ್ನೊಂದು ಚೀಲ ಜೊತೆಗಿರಬೇಕು. ಹೊಸಬರಲ್ಲಿ ಹಲವರು ಕೈಬಿಡಲು ಹಿಂಜರಿಯುವುದನ್ನು ನಾನು ನೋಡಿದ್ದೇನೆ. ವಸ್ತುವಿನ ಮೇಲಿನ ಮಮತೆಗಿಂತ, ಈ ಚೀಲ ಮೇಲೆ ಹೋಗದಿದ್ದರೆ ತಾನು ಕಾಣೆಯಾಗುತ್ತೇನೆ ಎಂಬ ಅಂಜಿಕೆಯೇ ಅದಕ್ಕೆ ಕಾರಣವಿರಬೇಕು. ಎರಡನೆಯದು ಇದೆ ಎಂಬ ಭರವಸೆ ಇದ್ದವನ ಬೆರಳು ಬೇಗ ಸಡಿಲವಾಗುತ್ತದೆ.

ಒಂದು ಋತುವಿನ ಬಹುಪಾಲು ನಾನು ನೀರಿಗಿಳಿಯದೆ, ದೋಣಿಯ ಮೇಲೆ ನಿಂತು ಇತರರ ಚೀಲಗಳನ್ನು ಕಾಯುವ ಕೆಲಸ ಮಾಡಿದ್ದೆ. ಈ ವಿಷಯದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಅಲ್ಲಿ ಕಲಿತದ್ದು. ಕೆಳಗಿರುವವನು ಚೀಲವನ್ನು ಒಮ್ಮೆ ಕಳುಹಿಸಿದೆ, ನನ್ನ ಮಾತು ಮುಗಿಯಿತು ಎಂದುಕೊಳ್ಳುತ್ತಾನೆ. ಮೇಲಿನಿಂದ ನೋಡುವವನಿಗೆ ಅದು ಒಂದೂವರೆ ಗಂಟೆಯ ಕಾಲ ಬಿಡದೆ ಮಾತನಾಡುತ್ತಿರುತ್ತದೆ. ನೆಟ್ಟಗೆ ನಿಂತ ಚೀಲ ಎಂದರೆ ದಾರ ಬಿಗಿಯಾಗಿದೆ, ದಾರದ ಕೊನೆಯಲ್ಲಿ ಒಬ್ಬ ಮನುಷ್ಯ ತನ್ನ ಭಾರವನ್ನು ಸ್ವಲ್ಪ ಕೊಟ್ಟು ಹಿಡಿದುಕೊಂಡಿದ್ದಾನೆ ಎಂದರ್ಥ. ಮೆಲ್ಲಗೆ ವಾಲಿ ಮಲಗಿದರೆ ದಾರ ಸಡಿಲವಾಗಿದೆ. ಅವನು ಮುಂದಿನ ನಿಲುಗಡೆಗೆ ಏರುತ್ತಿರಬಹುದು, ಸ್ಪೂಲಿಗೆ ದಾರ ಸುತ್ತುವುದರಲ್ಲಿ ಹಿಂದೆ ಬಿದ್ದಿರಬಹುದು. ಕೆಲವು ನಿಮಿಷಗಳಲ್ಲಿ ಮತ್ತೆ ನೆಟ್ಟಗಾಗಬೇಕು. ಮಲಗಿದ್ದು ಏಳದೆ, ಗಾಳಿ ಬೀಸಿದತ್ತ ಹಗುರವಾಗಿ ಜಾರತೊಡಗಿದರೆ, ಅದರ ಕೆಳಗೆ ಯಾರೂ ಇಲ್ಲ ಎಂಬ ಅನುಮಾನ ಬರಬೇಕು.

ಎಲ್ಲ ಚೀಲಗಳೂ ಸೆಳವಿನೊಂದಿಗೆ ಒಂದೇ ವೇಗದಲ್ಲಿ ಸಾಗುತ್ತಿರುವಾಗ ಒಂದು ಮಾತ್ರ ಹಿಂದೆ ಉಳಿದು, ಅದರ ಬುಡದಲ್ಲಿ ನೀರು ಸೀಳಿದಂತೆ ಗೆರೆ ಕಂಡರೆ, ದಾರ ತಳದಲ್ಲಿ ಎಲ್ಲಿಯೋ ಸಿಕ್ಕಿಕೊಂಡಿದೆ. ನಾನು ಕಾವಲಿದ್ದ ದಿನಗಳಲ್ಲಿ ಹೀಗಾದದ್ದು ಒಮ್ಮೆ. ಸೆಳವಿಗೆ ಸಿಕ್ಕಿದ ಚೀಲ ಅರ್ಧ ಮುಳುಗಿ ನಡುಗುತ್ತಿತ್ತು. ದೋಣಿಯ ಚಾಲಕರು ಅದರ ಹತ್ತಿರಕ್ಕೇ ಬಂದು ನಿಂತರು. ಐದಾರು ನಿಮಿಷಗಳ ನಂತರ ಅಲ್ಲಿಂದ ಸ್ವಲ್ಪ ದೂರದಲ್ಲಿ ಅದೇ ಜೋಡಿಯ ಎರಡನೆಯ ಚೀಲ ಮೇಲೆದ್ದಿತು. ಕೆಳಗಿನವರು ಸಿಕ್ಕಿಕೊಂಡ ದಾರವನ್ನು ಕತ್ತರಿಸಿ ಹೊಸದನ್ನು ಬಿಟ್ಟಿದ್ದರು. ನಮ್ಮ ಪಟ್ಟಿಯಲ್ಲಿ ನಾವು ಅವರ ಹೆಸರಿನ ಮುಂದೆ ಹೊಸ ಸಮಯವನ್ನು ಬರೆದುಕೊಂಡೆವು.

ಆ ಪಟ್ಟಿಯ ವಿಷಯವನ್ನೂ ಹೇಳಬೇಕು. ಪ್ರತಿ ಚೀಲದ ಮೇಲೂ ಅದರ ಒಡೆಯನ ಹೆಸರು ದಪ್ಪ ಅಕ್ಷರದಲ್ಲಿ ಇದ್ದರೆ, ಯಾವ ಜೋಡಿ ಎಷ್ಟು ಹೊತ್ತಿಗೆ ಚೀಲ ಬಿಟ್ಟಿತು, ಅವರ ಯೋಜನೆಯಂತೆ ಎಷ್ಟು ಹೊತ್ತಿಗೆ ತಲೆ ಎತ್ತಬೇಕು, ಇನ್ನೂ ಯಾರ ಚೀಲ ಬಂದಿಲ್ಲ ಎಂಬುದನ್ನು ಬರೆದಿಡಬಹುದು. ಬಾರದ ಚೀಲವೂ ಒಂದು ಸುದ್ದಿಯೇ, ಇಂತಿಷ್ಟು ಹೊತ್ತಿಗೆ ಬರಬೇಕಿತ್ತು ಎಂಬುದು ಗೊತ್ತಿದ್ದರೆ ಮಾತ್ರ. ಡೈವಿಗೆ ಮೊದಲು ಆ ಹೊತ್ತನ್ನು ಹೇಳಿ ಹೋಗದವರು, ತಮ್ಮನ್ನು ಹುಡುಕಲು ಯಾವಾಗ ಆರಂಭಿಸಬೇಕು ಎಂಬುದನ್ನು ದೋಣಿಯವರ ಊಹೆಗೆ ಬಿಟ್ಟು ಹೋಗುತ್ತಾರೆ. ಹೆಸರು ಬರೆಯದ ಆರು ಕಿತ್ತಳೆ ಚೀಲಗಳು ನೀರಿನ ಮೇಲೆ ಚದುರಿದ್ದರೆ ಎಣಿಸಬಹುದೇ ಹೊರತು, ಏಳನೆಯದು ಯಾರದು ಎಂದು ತಿಳಿಯಲಾಗದು.

ಇನ್ನು ಬಣ್ಣದ ಮಾತು. ಟೆಕ್ನಿಕಲ್ ಡೈವರ್‌ಗಳ ನಡುವೆ ಬಹಳ ಕಡೆ ಬೆಳೆದಿರುವ ವಾಡಿಕೆ ಹೀಗಿದೆ: ಕಿತ್ತಳೆ ಅಥವಾ ಕೆಂಪು ಚೀಲ ಬಂದರೆ, ಇಲ್ಲಿದ್ದೇವೆ, ಡಿಕಂಪ್ರೆಶನ್ ನಡೆದಿದೆ, ನಮ್ಮೊಡನೆ ಸಾಗಿ ಬನ್ನಿ, ಹಳದಿ ಬಂದರೆ, ತೊಂದರೆಯಲ್ಲಿದ್ದೇವೆ, ನೆರವು ಬೇಕು. ಹಳದಿಯನ್ನು ಬೇರೆ ದಾರದಲ್ಲಿ ಬಿಡದೆ, ಮೊದಲೇ ಮೇಲಿರುವ ಚೀಲದ ದಾರಕ್ಕೇ ಕೊಕ್ಕೆಯಿಂದ ಸಿಕ್ಕಿಸಿ ಗಾಳಿ ತುಂಬಿದರೆ ಅದು ಆ ದಾರದ ಗುಂಟವೇ ಜಾರಿಕೊಂಡು ಮೇಲೇರುತ್ತದೆ. ಕಿತ್ತಳೆಯ ಪಕ್ಕದಲ್ಲಿ ಹಳದಿ ತಲೆ ಎತ್ತುತ್ತದೆ. ಇಳಿದು ಬರುವ ಸಹಾಯಕ ಡೈವರಿಗೆ ಅದೇ ದಾರ ದಾರಿ ತೋರಿಸುತ್ತದೆ. ಬಹಳ ಚೆನ್ನಾಗಿ ಯೋಚಿಸಿ ಮಾಡಿದ ಕ್ರಮವಿದು. ನನಗೆ ಇದರಲ್ಲಿ ಪೂರ್ಣ ನಂಬಿಕೆಯಿದೆ.

ಆದರೆ ಇದು ವಾಡಿಕೆ. ಅಂತರರಾಷ್ಟ್ರೀಯ ಸಂಕೇತ ಬಾವುಟಗಳಲ್ಲಿ ಬಿಳಿ ಮತ್ತು ನೀಲಿಯ ‘ಎ’ ಬಾವುಟಕ್ಕೆ, ನಮ್ಮ ಡೈವರ್ ನೀರಿನಲ್ಲಿದ್ದಾನೆ, ನಿಧಾನವಾಗಿ ದೂರದಿಂದ ಸಾಗಿ ಎಂಬ ಒಂದೇ ಅರ್ಥ ಎಲ್ಲ ಸಮುದ್ರಗಳಲ್ಲಿಯೂ ಇರುವಂತೆ, ಹಳದಿ ಚೀಲಕ್ಕೆ ಇಲ್ಲ. ಅಂಗಡಿಗಳಲ್ಲಿ ಹಳದಿ ಚೀಲ ಕಿತ್ತಳೆಯ ಪಕ್ಕದಲ್ಲಿಯೇ ಮಾರಾಟಕ್ಕಿರುತ್ತದೆ. ಮನರಂಜನೆಗೆ ಡೈವ್ ಮಾಡುವವರು ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೇ ಅದನ್ನು ಕೊಳ್ಳುತ್ತಾರೆ. ಒಂದು ಬದಿ ಕಿತ್ತಳೆ, ಇನ್ನೊಂದು ಬದಿ ಹಳದಿ ಇರುವ ಚೀಲಗಳೂ ಇವೆ. ಅವನ್ನು ಟೆಕ್ನಿಕಲ್ ಡೈವ್ ನಡೆಯುವ ನೀರಿಗೆ ತರಲೇಬಾರದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಚೀಲ ಅಲೆಯಲ್ಲಿ ತಿರುಗಿದಂತೆಲ್ಲ ಅದು ಹೇಳುವ ಮಾತೂ ತಿರುಗುತ್ತದೆ. ಇದರ ಮೇಲೆ ಬೆಳಕಿನ ತೊಡಕು ಬೇರೆ. ಇಳಿಹೊತ್ತಿನಲ್ಲಿ ಸೂರ್ಯನ ದಿಕ್ಕಿಗೆ ನೋಡುವಾಗ ನೀರೆಲ್ಲ ಬೆಳ್ಳಿಯಾಗಿ ಹೊಳೆಯುತ್ತಿದ್ದು, ಅದರ ಎದುರಿಗೆ ನಿಂತ ಚೀಲ ಯಾವ ಬಣ್ಣದ್ದಾದರೂ ಕಪ್ಪು ಕಡ್ಡಿಯಂತೆ ಕಾಣುತ್ತದೆ. ಆಗ ಬಣ್ಣ ಹೇಳದ್ದನ್ನು ಎಣಿಕೆ ಹೇಳಬೇಕಾಗುತ್ತದೆ: ಒಂದು ಕಡ್ಡಿ ನಿಂತಿದ್ದ ಜಾಗದಲ್ಲಿ ಎರಡು ಕಂಡರೆ ದೋಣಿ ಅತ್ತ ತಿರುಗಬೇಕು.

ಈಗ ಆ ಹನ್ನೆರಡು ನಿಮಿಷಗಳಿಗೆ ಬರುತ್ತೇನೆ. ನಾವಿಬ್ಬರೂ 55 ಮೀಟರಿನಿಂದ ಏರಿ, 21 ಮೀಟರಿನಲ್ಲಿ ಕಿತ್ತಳೆ ಚೀಲ ಬಿಟ್ಟು, ಶೇಕಡಾ 50ರಷ್ಟು ಆಮ್ಲಜನಕವಿರುವ ಮಿಶ್ರಣಕ್ಕೆ ಬದಲಾಗುವುದರಲ್ಲಿದ್ದೆವು. ನನ್ನ ಜೊತೆಗಾರ ತನ್ನ ಸಿಲಿಂಡರನ್ನು ತೆರೆದ ಕೂಡಲೇ ಗುಳ್ಳೆಗಳ ದೊಡ್ಡ ಮೋಡವೇ ಎದ್ದಿತು. ಮುಚ್ಚುವಷ್ಟರಲ್ಲಿ ಒತ್ತಡದ ಮಾಪಕ ಬಹಳ ಕೆಳಗೆ ಇಳಿದಿತ್ತು. ಇಂಥದ್ದಕ್ಕೆಂದೇ ನಾವು ಅನಿಲವನ್ನು ಲೆಕ್ಕಕ್ಕಿಂತ ಹೆಚ್ಚು ಒಯ್ದಿದ್ದೆವು. ನನ್ನ ಸಿಲಿಂಡರಿನಿಂದ ಸರದಿಯಂತೆ ಇಬ್ಬರೂ ಉಸಿರಾಡತೊಡಗಿದೆವು. ಅದರೊಡನೆಯೇ ನಾನು ಹಳದಿ ಚೀಲವನ್ನು ಬಿಚ್ಚಿ, ಸಣ್ಣ ಸ್ಲೇಟಿನ ಮೇಲೆ ‘50 ಬೇಕು, ಒಂದು ಸಿಲಿಂಡರ್’ ಎಂದು ಬರೆದು, ಅದನ್ನು ಚೀಲದ ಕೆಳತುದಿಗೆ ಕಟ್ಟಿ ದಾರದ ಗುಂಟ ಬಿಟ್ಟೆ. 21ರಲ್ಲಿ ಮೂರು ನಿಮಿಷ, 18ರಲ್ಲಿ ಮೂರು, 15ರಲ್ಲಿ ನಾಲ್ಕು. ನಿಲುಗಡೆಗಳು ಒಂದೊಂದಾಗಿ ಮುಗಿದವು. ಪ್ರತಿ ಸರದಿಯಲ್ಲಿಯೂ ನಾನು ಮೇಲೆ ನೋಡುತ್ತಿದ್ದೆ. ದೋಣಿಯ ತಳ ಒಮ್ಮೆ ನಮ್ಮ ಮೇಲೆ ಹಾದು ಹೋಯಿತು, ನಿಂತಿತು, ಮತ್ತೆ ದೂರ ಸರಿಯಿತು. ಆ ಕಪ್ಪು ನೆರಳು ದೂರವಾದದ್ದನ್ನು ನಾನಿನ್ನೂ ಮರೆತಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಅಂದು ಕಾವಲಿದ್ದವರು ಅದೇ ವಾರ ಬೇರೊಂದು ಗುಂಪಿನೊಡನೆ ಕೆಲಸ ಮಾಡಿದ್ದರು. ಆ ಗುಂಪಿನಲ್ಲಿ ಜೋಡಿಯ ಇಬ್ಬರೂ ತಮ್ಮ ತಮ್ಮ ಚೀಲ ಬಿಡುತ್ತಿದ್ದರು, ಅವುಗಳಲ್ಲಿ ಹಲವು ಹಳದಿಯವೇ ಆಗಿದ್ದವು. ನಮ್ಮ ಹಳದಿಯನ್ನು ಕಂಡು, ಎರಡನೆಯವನದೂ ಬಂದಿತು ಎಂದು ಅವರು ಸಮಾಧಾನದಿಂದ ಪಟ್ಟಿಯಲ್ಲಿ ಗುರುತು ಹಾಕಿಕೊಂಡಿದ್ದರು. ಸ್ಲೇಟು ಚೀಲದ ಬುಡದಲ್ಲಿ, ನೀರಿನ ಅರ್ಧ ಮೀಟರ್ ಕೆಳಗೆ ತೂಗುತ್ತಿತ್ತು. ಮೇಲಿನಿಂದ ಅದು ಕಾಣುವಂತಿರಲಿಲ್ಲ. ಕೊನೆಗೆ, ನಮ್ಮ ಗುಂಪಿನ ಇನ್ನೊಬ್ಬರು ತಮ್ಮ ಡೈವ್ ಮುಗಿಸಿ ದೋಣಿ ಹತ್ತಿ, ಎರಡು ಬಣ್ಣಗಳು ಒಟ್ಟಿಗೆ ನಿಂತಿರುವುದನ್ನು ನೋಡಿ ಕೂಗಿಕೊಂಡ ಮೇಲೆ ಸಹಾಯಕ ಡೈವರ್ ಸಿಲಿಂಡರಿನೊಡನೆ ಇಳಿದು ಬಂದರು. ಆಗ ನಾವು 12 ಮೀಟರಿಗೆ ಏರಿದ್ದೆವು.

ಕಾವಲಿದ್ದವರ ಮೇಲೆ ನನಗೆ ಆ ದಿನ ಕೋಪವಿತ್ತು. ಈಗ ಇಲ್ಲ. ಬೆಳಿಗ್ಗೆ ದೋಣಿಯಲ್ಲಿ ನಾವು ಆಳ, ಸಮಯ, ಸೆಳವು ಎಲ್ಲವನ್ನೂ ಮಾತನಾಡಿದ್ದೆವು. ಹಳದಿ ಎಂದರೇನು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ನಾನು ತಿಳಿದುಕೊಂಡಿದ್ದೆ. ಅವರೂ ತಮಗೆ ಗೊತ್ತಿದೆ ಎಂದೇ ತಿಳಿದುಕೊಂಡಿದ್ದರು. ನೀರಿನ ಮೇಲಿದ್ದರೆ ಎರಡು ಮಾತುಗಳಲ್ಲಿ ಬಗೆಹರಿಯಬಹುದಾಗಿದ್ದ ಗೊಂದಲ ಅದು. ಆದರೆ ಚಾವಣಿಯ ಕೆಳಗಿರುವವನು, ನಾನು ಹೇಳಿದ್ದು ಅದಲ್ಲ ಎಂದು ತಿದ್ದಲು ಮೇಲೆ ಬರಲಾರ. ಅವನು ಕಳುಹಿಸಿದ ಚೀಲಕ್ಕೆ ಮೇಲಿನವರ ಮನಸ್ಸಿನಲ್ಲಿ ಯಾವ ಅರ್ಥವಿದೆಯೋ ಅದೇ ಅವನು ಆಡಿದ ಮಾತಾಗುತ್ತದೆ, ಅವನ ಉದ್ದೇಶ ಏನೇ ಇದ್ದರೂ.

ಅಂದಿನಿಂದ ನಮ್ಮ ಗುಂಪು ಕೆಲವನ್ನು ಬದಲಾಯಿಸಿಕೊಂಡಿದೆ. ಬರೆಯುವ ಸ್ಲೇಟನ್ನು ಈಗ ಚೀಲದ ಮೇಲ್ತುದಿಯ ಹತ್ತಿರ, ನೀರಿನಿಂದ ಹೊರಗೆ ಉಳಿಯುವ ಕಡೆ ಕಟ್ಟುತ್ತೇವೆ. ಹಳದಿ ಚೀಲದ ಉದ್ದಕ್ಕೂ ‘ನೆರವು’ ಎಂದು ಕಪ್ಪು ಅಕ್ಷರಗಳಲ್ಲಿ ಬರೆದಿದ್ದೇವೆ. ಹಳದಿಯನ್ನು ಕಂಡ ದೋಣಿ ಅದರ ಬಳಿ ಹೋಗಿ, ಒಬ್ಬರು ಕೈಚಾಚಿ ದಾರವನ್ನು ನಾಲ್ಕು ಬಾರಿ ಮೆಲ್ಲಗೆ ಎಳೆಯಬೇಕು ಎಂದು ಗೊತ್ತು ಮಾಡಿಕೊಂಡಿದ್ದೇವೆ. ಇದು ನಮ್ಮ ಗುಂಪಿನೊಳಗಿನ ಒಪ್ಪಂದ ಅಷ್ಟೇ. ಬೇರೆಡೆ ಈ ಎಳೆತಗಳಿಗೆ ಬೇರೆ ಅರ್ಥವಿರಬಹುದು. ಕೆಳಗಿರುವವನ ಬೆರಳಿಗೆ ಆ ನಾಲ್ಕು ಎಳೆತಗಳು ತಲುಪಿದರೆ, ಇನ್ನು ಕಾಯಬಹುದು ಎಂಬ ಧೈರ್ಯ ಬರುತ್ತದೆ. ಧೈರ್ಯವೆಂದರೆ ಇಲ್ಲಿ ಬರಿಯ ಭಾವನೆಯಲ್ಲ. ಗಾಬರಿಗೊಂಡವನ ಉಸಿರು ಏರಿ, ಇರುವ ಅನಿಲವೂ ಬೇಗ ಮುಗಿಯುತ್ತದೆ, ನೆಮ್ಮದಿಯಾದವನಿಗೆ ಅದೇ ಅನಿಲ ಹೆಚ್ಚು ಹೊತ್ತು ಬರುತ್ತದೆ. ಮೇಲಿನವರು ಉತ್ತರ ಕೊಡುವುದನ್ನು ಒಂದು ಸೌಜನ್ಯವೆಂದು ನಾನು ಮೊದಲು ಭಾವಿಸುತ್ತಿದ್ದೆ, ಈಗ ಅದನ್ನು ಅನಿಲದ ಲೆಕ್ಕದಲ್ಲಿಯೇ ಸೇರಿಸುತ್ತೇನೆ.

ಹಳದಿ ಚೀಲವನ್ನು ಬಳಸಬೇಕಾಗಿ ಬರುವುದು ಅಪರೂಪ. ಅಪರೂಪವಾದ್ದರಿಂದಲೇ ಅದು ವರ್ಷಗಟ್ಟಲೆ ಮಡಿಸಿಟ್ಟ ಹಾಗೆಯೇ ಇದ್ದು, ಮಡಿಕೆಗಳಲ್ಲಿ ಅಂಟಿಕೊಂಡು, ಕವಾಟದಲ್ಲಿ ಉಪ್ಪು ಕಟ್ಟಿ ಹಾಳಾಗುತ್ತದೆ. ಈಗ ನಾನು ಪ್ರತಿ ಪ್ರವಾಸದ ಹಿಂದಿನ ರಾತ್ರಿ ಎರಡೂ ಚೀಲಗಳನ್ನು ಬಾಯಿಂದ ಊದಿ, ಕೋಣೆಯ ಮೂಲೆಯಲ್ಲಿ ನಿಲ್ಲಿಸಿ ಮಲಗುತ್ತೇನೆ. ಬೆಳಿಗ್ಗೆ ಏಳುವಾಗ ಯಾವುದು ಸೊರಗಿದೆ ಎಂಬುದು ಕಾಣುತ್ತದೆ. ಸ್ಪೂಲಿನ ದಾರವನ್ನು ಪೂರ್ತಿ ಬಿಚ್ಚಿ, ಗಂಟುಗಳಿವೆಯೇ ಎಂದು ಬೆರಳಾಡಿಸಿ, ಮತ್ತೆ ಸುತ್ತುತ್ತೇನೆ. ಮಾಸಿದ ಹೆಸರನ್ನು ಮತ್ತೊಮ್ಮೆ ತೀಡುತ್ತೇನೆ. ದೋಣಿ ಹತ್ತಿದ ಮೇಲೆ ಎರಡೂ ಚೀಲಗಳನ್ನು ಬಿಚ್ಚಿ ಹಿಡಿದು, ಚಾಲಕರನ್ನೂ ಕಾವಲಿನವರನ್ನೂ ಕರೆದು, ಇವುಗಳ ಅರ್ಥವೇನೆಂದು ನಾನು ಹೇಳುವುದಿಲ್ಲ, ಅವರನ್ನು ಕೇಳುತ್ತೇನೆ. ಕಿತ್ತಳೆ ಕಂಡರೆ ಏನು ಮಾಡುತ್ತೀರಿ? ಅದರ ಪಕ್ಕದಲ್ಲಿ ಹಳದಿ ಕಂಡರೆ? ಹತ್ತೂವರೆಗೆ ಬರಬೇಕಾದ ಚೀಲ ಹತ್ತೂ ಮುಕ್ಕಾಲಾದರೂ ಬರದಿದ್ದರೆ? ಹಲವು ವರ್ಷಗಳಿಂದ ನನ್ನನ್ನು ಬಲ್ಲ ಚಾಲಕರೊಬ್ಬರು ಈಗ ನಾನು ಚೀಲಕ್ಕೆ ಕೈ ಹಾಕಿದ ಕೂಡಲೇ ಉತ್ತರ ಹೇಳತೊಡಗುತ್ತಾರೆ. ಆದರೂ ನಾನು ಎರಡನ್ನೂ ಪೂರ್ತಿ ಬಿಚ್ಚಿ ತೋರಿಸುತ್ತೇನೆ, ಏಕೆಂದರೆ ಅವರ ಪಕ್ಕದಲ್ಲಿ ಪ್ರತಿ ಸಲವೂ ಯಾರಾದರೊಬ್ಬರು ಹೊಸಬರು ನಿಂತಿರುತ್ತಾರೆ.